ಕಡ್ಡಿರಾಂಪುರದ ಮನೆತನಗಳ ಬೇರು ಹುಡುಕೋದು ಹೇಗೆ?

(ದೃಶ್ಯ: ಹಂಪಿ ರಸ್ತೆ, ಕಡ್ಡಿರಾಂಪುರ)
ನಿಮ್ಮ ಮುತ್ತಜ್ಜನ ಅಪ್ಪನ ಹೆಸರು ಗೊತ್ತಾ?

ಇಂಗ್ಲೆಂಡಿನಲ್ಲಿ 1538ರಿಂದಲೇ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡುತ್ತಾ ಬಂದಿವೆ. ನಮ್ಮ ಹಳ್ಳಿಗಳಲ್ಲಿ ಹೆಸರುಗಳನ್ನು ಉಳಿಸಿದ್ದು ಹೆಚ್ಚಾಗಿ ಜಮೀನಿನ ಲೆಕ್ಕ.

(ದೃಶ್ಯ: ಪೌತಿ ಖಾತೆಯ ಕಾಗದ)
ಮೊದಲು ಹೊಸಪೇಟೆ ತಾಲ್ಲೂಕು ಕಚೇರಿ. ಸರ್ವೆ ನಂಬರ್ ಕೊಟ್ಟು ಹಳೇ ಪಹಣಿ, ಮ್ಯುಟೇಷನ್ ನಕಲು ಕೇಳಿ. ಯಜಮಾನ ತೀರಿಕೊಂಡ ಮೇಲೆ ಆದ ಪೌತಿ ಖಾತೆಯಲ್ಲಿ ಅಪ್ಪ, ಮಕ್ಕಳು ಒಟ್ಟಿಗೇ ಸಿಗ್ತಾರೆ.

(ದೃಶ್ಯ: ಹಳೇ ಬಳ್ಳಾರಿ ಜಿಲ್ಲೆಯ ನಕ್ಷೆ)
1800ರಲ್ಲಿ ಬಳ್ಳಾರಿ ಸೀಮೆ ನಿಜಾಮರಿಂದ ಕಂಪನಿ ಕೈಗೆ ಬಂತು. 1953ರವರೆಗೆ ಹೊಸಪೇಟೆ, ಕಂಪ್ಲಿ ಮದ್ರಾಸಿಗೆ ಸೇರಿದ್ದವು. ಅದಕ್ಕೇ ಚೆನ್ನೈ ಎಗ್ಮೋರಿನ ಪತ್ರಾಗಾರದಲ್ಲೂ ಹುಡುಕಬೇಕು. ಇನಾಂ ಜಮೀನಿದ್ದ ಮನೆತನವೇ? 1858ರಲ್ಲಿ ಶುರುವಾದ ಇನಾಂ ಕಮಿಷನ್ನಿನ ರಿಜಿಸ್ಟರ್ ಕೇಳಿ. ಅನುಭವದಾರನ ಹೆಸರು, ವಯಸ್ಸು, ಮೂಲ ಇನಾಂದಾರನಿಗೆ ಆತ ಏನಾಗಬೇಕು ಅನ್ನೋದಕ್ಕೂ ಅದರಲ್ಲಿ ಕಾಲಂ ಇದೆ.

ಸಂಡೂರಿನವರ ದಾರಿ ಬೇರೆ. 1949ರವರೆಗೆ ಅದು ಘೋರ್ಪಡೆಯವರ ಸಂಸ್ಥಾನ.

ಕ್ರೈಸ್ತ ಮನೆತನದವರು ಬಳ್ಳಾರಿಯ ಹಳೇ ಚರ್ಚುಗಳಲ್ಲಿ ವಿಚಾರಿಸಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅಲ್ಲಿಗೆ ಬಂದದ್ದು 1810ರಲ್ಲಿ.

(ದೃಶ್ಯ: ಎತ್ತಿನೊಂದಿಗೆ ಹೆಳವರು)
ಜಮೀನೇ ಇಲ್ಲದಿದ್ದರೆ? ಶಾಲೆಯ ದಾಖಲಾತಿ ಪುಸ್ತಕ ನೋಡಿ. ಊರಿಗೆ ಹೆಳವರು ಬಂದರೆ ಕೂರಿಸಿ ಕೇಳಿ. ಬೆಡಗು, ಮೂಲ ಊರು, ತಲೆಮಾರುಗಳ ಹೆಸರು ಒಂದೊಂದಾಗಿ ಹೇಳ್ತಾರೆ. ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ.

ಜಮೀನಿನ ಹಳೇ ಕಾಗದಗಳಲ್ಲಿ ಹೆಣ್ಣುಮಕ್ಕಳ ಹೆಸರು ಅಪರೂಪ. ಹಾಗಾಗಿ ಇವತ್ತೇ ಮನೆಯ ಹಿರಿಯರನ್ನು ಕೇಳಿ, ಅಜ್ಜಿ, ಮುತ್ತಜ್ಜಿಯರ ಹೆಸರು, ತವರೂರು ಮೊದಲು ಬರೆದಿಡಿ.