ಹಾಸನಾಂಬೆಯ ಸೊಸೆಕಲ್ಲು: ಹೊಡೆದ ಅತ್ತೆಗೆ ಏನಾಯ್ತು?

ಇವತ್ತಿನ ಸಂಚಿಕೆ ಹಾಸನದ ಹಾಸನಾಂಬೆ ದೇವಸ್ಥಾನದ ಬಗ್ಗೆ. ಅದರಲ್ಲೂ ಅಲ್ಲಿರೋ ಒಂದು ಕಲ್ಲಿನ ಬಗ್ಗೆ.

ಮೊದಲು ದೇವಸ್ಥಾನದ ಪರಿಚಯ ಮಾಡ್ಕೊಳ್ಳೋಣ. 12ನೇ ಶತಮಾನದ್ದು ಅಂತ ಹೇಳೋ ಈ ಗುಡಿ ವರ್ಷಪೂರ್ತಿ ಮುಚ್ಚಿರುತ್ತೆ. ಆಶ್ವಯುಜ ಹುಣ್ಣಿಮೆ ಕಳೆದ ಮೇಲೆ ಬರೋ ಮೊದಲ ಗುರುವಾರ ಬಾಗಿಲು ತೆಗೀತಾರೆ. ಅದಕ್ಕೂ ಮೊದಲು ದೇವಿಯ ಒಡವೆಗಳು ಜಿಲ್ಲಾ ಖಜಾನೆಯಿಂದ ಮೆರವಣಿಗೆಯಲ್ಲಿ ಬರುತ್ತವೆ. ಅರಸು ಮನೆತನದವರು ಬಾಳೆಕಂದು ಕಡಿದ ನಂತರವೇ ಬಾಗಿಲು. ಬಲಿಪಾಡ್ಯಮಿ ಆಗ್ತಿದ್ದ ಹಾಗೆ ಮತ್ತೆ ಮುಚ್ಚುತ್ತೆ. ಒಟ್ಟು ಹತ್ತು ದಿನ, ಕೆಲವು ವರ್ಷ ಹದಿನೈದು ದಿನ, ಅಷ್ಟೇ ದರ್ಶನ.

ಒಳಗೆ ಕೆತ್ತಿದ ವಿಗ್ರಹ ಇಲ್ಲ. ದೇವಿ ಇರೋದು ಹುತ್ತದ ರೂಪದಲ್ಲಿ. ಕಥೆ ಹೀಗಿದೆ: ಸಪ್ತಮಾತೃಕೆಯರು ಕಾಶಿಯಿಂದ ದಕ್ಷಿಣಕ್ಕೆ ಬರ್ತಾರೆ. ಹಾಸನದ ಸೊಬಗು ನೋಡಿ ಇಲ್ಲೇ ಇದ್ದುಬಿಡೋಣ ಅಂದ್ಕೊಳ್ತಾರೆ. ವೈಷ್ಣವಿ, ಕೌಮಾರಿ, ಮಾಹೇಶ್ವರಿ ಮೂವರು ಹುತ್ತದಲ್ಲಿ ನೆಲೆಸಿದ್ರು. ಇಂದ್ರಾಣಿ, ವಾರಾಹಿ, ಚಾಮುಂಡಿ ಊರಿನ ದೇವಿಗೆರೆಯಲ್ಲಿ. ಬ್ರಾಹ್ಮಿ ಮಾತ್ರ ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಗೆ ಹೋಗಿ ಕೆಂಚಾಂಬೆ ಆದ್ಲು. ನಗುಮುಖದ ತಾಯಿ ಅನ್ನೋ ಅರ್ಥದಲ್ಲಿ ಇಲ್ಲಿಯ ದೇವಿ ಹಾಸನಾಂಬೆ, ಅವಳಿಂದಲೇ ಊರಿಗೆ ಹಾಸನ ಅನ್ನೋ ಹೆಸರು ಬಂತು ಅಂತ ನಂಬಿಕೆ.

ಹಾಸನಾಂಬೆ ಅಂದ ತಕ್ಷಣ ನಿಮ್ಮ ಫೋನಿಗೆ ಬರೋ ರೀಲ್ಸ್ ಎಲ್ಲ ದೀಪದ ಬಗ್ಗೆ. ಬಾಗಿಲು ಮುಚ್ಚುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷದವರೆಗೂ ಉರೀತಿರುತ್ತೆ, ಹೂವು ಬಾಡಿರಲ್ಲ, ನೈವೇದ್ಯ ಹಳಸಿರಲ್ಲ ಅಂತ ಭಕ್ತರು ನಂಬ್ತಾರೆ. ಪರೀಕ್ಷೆ ಮಾಡಿ ನೋಡೋಣ ಅನ್ನೋರೂ ಇದ್ದಾರೆ. ಪ್ರತಿ ದೀಪಾವಳಿಗೂ ಇದೇ ಜಗಳ. ಈ ಗಲಾಟೆಯಲ್ಲಿ ಸೊಸೆಕಲ್ಲಿನ ಕಥೆ ಹಿಂದೆ ಸರಿದುಬಿಡುತ್ತೆ. ನನಗೆ ಕಾಡೋದು ಅದೇ.

ಜನ ಹೇಳೋ ಕಥೆ ಇದು. ಒಬ್ಬಳು ಸೊಸೆ ದಿನಾ ಹಾಸನಾಂಬೆಯ ದರ್ಶನಕ್ಕೆ ಬರ್ತಿದ್ಲು. ಮನೆಗೆಲಸ ಬಿಟ್ಟು ಗುಡಿಗೆ ಹೋಗ್ತಾಳೆ ಅಂತ ಅತ್ತೆಗೆ ಕೋಪ. ಒಂದು ದಿನ ಹಿಂದೆಯೇ ಬಂದು, ದೇವಿಯ ಎದುರಲ್ಲೇ, ಬಟ್ಟಲು ತಗೊಂಡು ಸೊಸೆಯ ತಲೆಗೆ ಹೊಡೆದ್ಲು. ನೋವು ತಡೀಲಾರದೆ ಅವಳು 'ಅಮ್ಮಾ ಹಾಸನಾಂಬೆ' ಅಂತ ಕೂಗಿದ್ಲು. ದೇವಿ ಮರುಗಿ ಅವಳನ್ನ ಕಲ್ಲು ಮಾಡಿ ತನ್ನ ಸನ್ನಿಧಿಯಲ್ಲೇ ಇಟ್ಕೊಂಡ್ಲು. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರೀತಾ ಇದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತೆ ಅಂತಾರೆ.

ಸುಮ್ನೆ ಒಂದು ಲೆಕ್ಕ ಹಾಕೋಣ. ಅಕ್ಕಿಕಾಳಿನ ಉದ್ದ ಸುಮಾರು 6 ಮಿಲಿಮೀಟರ್ ಅಂತಿಟ್ಕೊಳ್ಳಿ. ಒಂದು ಅಡಿ ಸರಿಯೋಕೆ 50 ವರ್ಷ ಬೇಕು. ಅಂದ್ರೆ ಕಥೆಯ ಸೊಸೆಗೆ ನ್ಯಾಯ ಸಿಗೋ ವೇಗ, ಒಬ್ಬ ಮನುಷ್ಯನ ದುಡಿಯೋ ಆಯಸ್ಸಿಗೆ ಒಂದೇ ಅಡಿ.

ಈಗ ಪಕ್ಕದ ಇನ್ನೊಂದು ಕಥೆ ನೋಡಿ. ಅದೇ ಆವರಣದಲ್ಲಿ ಕಳ್ಳಪ್ಪನ ಗುಡಿ ಇದೆ. ದೇವಿಯ ಒಡವೆ ಕದಿಯೋಕೆ ಬಂದ ನಾಲ್ಕು ಕಳ್ಳರನ್ನ ಅವಳು ಶಪಿಸಿ ಕಲ್ಲು ಮಾಡಿದ್ಲಂತೆ. ಕಳ್ಳರೂ ಕಲ್ಲು, ಸೊಸೆಯೂ ಕಲ್ಲು. ಕಳ್ಳರಿಗೆ ಅದು ಶಿಕ್ಷೆ, ಸೊಸೆಗೆ ರಕ್ಷಣೆ. ಹಾಗಾದ್ರೆ ಹೊಡೆದ ಅತ್ತೆಗೆ ಏನಾಯ್ತು? ನಾನು ಕೇಳಿರೋ ಕಥೆಯಲ್ಲಿ ಏನೂ ಆಗಲ್ಲ. ಅವಳು ಬಟ್ಟಲು ಕೆಳಗಿಟ್ಟು ಮನೆಗೆ ಹೋಗಿರಬೇಕು.

ಇದು ದೇವಿಯ ಮೇಲಿನ ದೂರಲ್ಲ. ಕಥೆ ಕಟ್ಟಿದವರು ತಮ್ಮ ಕಾಲದ ಮನೆಗಳನ್ನ ಚೆನ್ನಾಗಿ ನೋಡಿದ್ರು ಅಂತ ನನಗನ್ಸುತ್ತೆ. ಏಟು ತಿಂದ ಸೊಸೆ ಗಂಡನ ಮನೆಗೆ ವಾಪಸ್ ಹೋದ್ರೆ ಮತ್ತೆ ಅದೇ ಅತ್ತೆ. ತವರಿಗೆ ಹೋದ್ರೆ 'ಹೊಂದ್ಕೊಂಡು ಹೋಗಮ್ಮ' ಅನ್ನೋ ಮಾತು. ಅವಳಿಗೆ ಉಳಿದ ಒಂದೇ ಜಾಗ ದೇವಿಯ ಸನ್ನಿಧಿ. ಅಲ್ಲೂ ಮನುಷ್ಯಳಾಗಿ ಅಲ್ಲ, ಕಲ್ಲಾಗಿ. ಅದಕ್ಕಿಂತ ಒಳ್ಳೆ ಕೊನೆ ಊಹಿಸೋಕೆ ಆ ಕಾಲಕ್ಕೆ ಆಗಿರಲಿಲ್ಲ.

ಆದರೂ ಕಥೆ ಒಂದು ಕೆಲಸ ಮಾಡ್ತು. ಆ ಏಟನ್ನ ಮರೆಯೋಕೆ ಬಿಡಲಿಲ್ಲ. ಪ್ರತಿ ವರ್ಷ ಬಾಗಿಲು ತೆಗೆದಾಗ, ಸೊಸೆ ಎಷ್ಟು ಮುಂದೆ ಬಂದಿದ್ದಾಳೆ ಅನ್ನೋ ಮಾತು ಬಂದೇ ಬರುತ್ತೆ. ಮನೆಯೊಳಗೇ ಮುಚ್ಚಿಹೋಗಬೇಕಿದ್ದ ವಿಷಯ ಊರ ಬಾಯಲ್ಲಿ ಉಳೀತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳು ಟಿಕೆಟ್ ದುಡ್ಡಿನ ಚಿಂತೆ ಇಲ್ಲದೆ ಈ ಸಾಲಿಗೆ ಬಂದು ನಿಲ್ಲಬಹುದು. ಕೆಲಸ ಬಿಟ್ಟು ಗುಡಿಗೆ ಬಂದಿದ್ದಕ್ಕೇ ಏಟು ತಿಂದವಳ ಕಥೆ ಕೇಳೋಕೆ ಇದಕ್ಕಿಂತ ಸರಿಯಾದ ಸಾಲು ಬೇಕಾ?

ಕಥೆ ಅಲ್ಲಿಗೆ ನಿಂತ್ರೂ ಕಾನೂನು ಸ್ವಲ್ಪ ಮುಂದೆ ಬಂದಿದೆ. ಗಂಡ ಅಥವಾ ಅವನ ಮನೆಯವರ ಕ್ರೌರ್ಯ ಅಪರಾಧ ಅಂತ 1983ರಲ್ಲಿ ಭಾರತೀಯ ದಂಡ ಸಂಹಿತೆಗೆ 498ಎ ಕಲಂ ಸೇರ್ತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಲ್ಲಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೆ. ಬರೀ ಹೊಡೆತ ಅಲ್ಲ, ಹೀಯಾಳಿಸೋದು, ಖರ್ಚಿಗೆ ದುಡ್ಡು ಕೊಡದೆ ಸತಾಯಿಸೋದು ಕೂಡ ದೌರ್ಜನ್ಯವೇ. ಮುಖ್ಯವಾಗಿ, ಮನೆ ಯಾರ ಹೆಸರಲ್ಲೇ ಇರಲಿ, ಸಂಸಾರ ಮಾಡಿದ ಮನೆಯಲ್ಲಿ ವಾಸ ಮಾಡೋ ಹಕ್ಕು ಅವಳಿಗಿದೆ. ಕಾನೂನಿನ ದಾರಿ ಬಿಟ್ಟು ಅವಳನ್ನ ಹೊರಗೆ ಹಾಕೋ ಹಾಗಿಲ್ಲ. ಕಥೆಯ ಸೊಸೆಗೆ ಸಿಗದೇ ಹೋದದ್ದು ಇದೇ.

ಕಾಯ್ದೆ ಇದ್ರೂ ಎಷ್ಟೋ ಹೆಣ್ಣುಮಕ್ಕಳು ಬಾಯಿ ಬಿಡಲ್ಲ ಅನ್ನೋದು ನಿಮಗೂ ಗೊತ್ತು. ನಿಮ್ಮ ಅಕ್ಕನೋ ಗೆಳತಿಯೋ ಅಂಥ ಮನೆಯಲ್ಲಿದ್ರೆ 181 ನಂಬರ್ ಹೇಳಿ, ಅದು ಮಹಿಳಾ ಸಹಾಯವಾಣಿ. ತಕ್ಷಣ ಅಪಾಯ ಇದ್ರೆ 112. 'ಹೊಂದ್ಕೊಂಡು ಹೋಗು' ಅನ್ನೋ ಮೊದಲು ಅವಳ ಮಾತು ಪೂರ್ತಿ ಕೇಳಿ.

ಮುಂದಿನ ಸಲ ಹಾಸನಾಂಬೆ ದರ್ಶನಕ್ಕೆ ಹೋದ್ರೆ ದೀಪ ನೋಡಿ, ಕೈ ಮುಗೀರಿ. ಜೊತೆಗಿದ್ದವರಿಗೆ ಸೊಸೆಕಲ್ಲಿನ ಕಥೆಯನ್ನೂ ಹೇಳಿ. ಅತ್ತೆಗೆ ಏನಾಯ್ತು ಅಂತ ಯಾರಾದ್ರೂ ಮಕ್ಕಳು ಕೇಳಿದ್ರೆ ಗದರಬೇಡಿ, ಅದು ಒಳ್ಳೆ ಪ್ರಶ್ನೆ. ನಿಮ್ಮೂರಿನ ದೇವಿಯ ಬಗ್ಗೆಯೂ ಇಂಥ ಕಥೆ ಇದ್ರೆ ನಮಗೆ ಬರೆದು ಕಳಿಸಿ.