ಮಗುವಿನ ಸಿಟ್ಟಿಗೆ ಮಾತಿನ ನೆರವು

ಆಟಿಕೆ ಕಸಿದುಕೊಂಡ ತಂಗಿಯನ್ನು ಹೊಡೆಯಲು ಕೈಯೆತ್ತಿದ 4 ವರ್ಷದ ಮಗುವಿಗೆ ಆ ಕ್ಷಣದಲ್ಲಿ ಬುದ್ಧಿವಾದ ರುಚಿಸುವುದಿಲ್ಲ. ಕೋಪ, ಭಯಗಳು ಮೂಡಿದಾಗ ಮಿದುಳಿನ ಅಮಿಗ್ಡಲಾ ಎಂಬ ಭಾಗವು ಚುರುಕಾಗುತ್ತದೆ. ಅದನ್ನು ಹತೋಟಿಯಲ್ಲಿಡುವ ಮಿದುಳಿನ ಮುಂಭಾಗವು ಬಾಲ್ಯದಲ್ಲಿ ಇನ್ನೂ ಬಲಿತಿರುವುದಿಲ್ಲ. ಭಾವನೆಯನ್ನು ಹೆಸರಿಸಿದಾಗ ಅಮಿಗ್ಡಲಾದ ಚಟುವಟಿಕೆಯು ತಗ್ಗುವುದನ್ನು ಅಮೆರಿಕದಲ್ಲಿ ವಯಸ್ಕರನ್ನು ಕುರಿತು ನಡೆಸಿ, 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ತೋರಿಸಿತು. ಮಕ್ಕಳಿಗೆ ಆ ಹೆಸರನ್ನು ಹಿರಿಯರೇ ಒದಗಿಸಬೇಕಾಗುತ್ತದೆ.

ಆದುದರಿಂದ ತಾಯಿತಂದೆಯರು ಮಗುವಿನ ಕೈಯನ್ನು ಮೃದುವಾಗಿ ತಡೆದು, "ನಿನಗೆ ಸಿಟ್ಟು ಬಂದಿದೆ, ಅಲ್ಲವೇ?" ಎಂದು ಮೊದಲು ಕೇಳಬೇಕು. ಅದು ಶಾಂತವಾದ ಮೇಲೆ, ಸಿಟ್ಟು ಬರುವುದು ತಪ್ಪಲ್ಲ, ಹೊಡೆಯುವುದು ತಪ್ಪು ಎಂದು ತಿಳಿಹೇಳಿ, ಆಟಿಕೆಯನ್ನು ಕೇಳಿ ಪಡೆಯುವ ಬಗೆಯನ್ನು ಕಲಿಸಬೇಕು. ಶಾಲೆಯಲ್ಲಿ ಮರಾಠಿ, ತಮಿಳು ಅಥವಾ ಹಿಂದಿಯನ್ನಾಡುವ ಮಗುವಿಗೂ ಬೇಸರ, ಅಂಜಿಕೆ, ಹೊಟ್ಟೆಕಿಚ್ಚುಗಳನ್ನು ಹೇಳಿಕೊಳ್ಳಲು ಮನೆಮಾತು ಸುಲಭವಾಗಿ ಒದಗುತ್ತದೆ. ಅದಕ್ಕೆ ಕಿವಿಗೊಡುವುದು ಮನೆಯವರ ಹೊಣೆ.