ಬ್ಯಾಟರಿಯ ಬಲದಿಂದ ಧ್ವನಿವರ್ಧಕ

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಸೀಮೆಯನ್ನು ಹಾದು, ಸಾಗರ ತಾಲ್ಲೂಕಿನ ಜೋಗದಲ್ಲಿ ಧುಮುಕುತ್ತದೆ. ಅಲ್ಲಿಯ ವಿದ್ಯುದಾಗಾರವು 1948ರಲ್ಲಿಯೂ ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿಯೂ ಸಿದ್ಧವಾದುವು. ನಾಡಿಗೆ ಬೆಳಕು ಕೊಟ್ಟ ಈ ಸೀಮೆಯಲ್ಲಿಯೇ, ಮಳೆಗಾಲದ ರಾತ್ರಿ ಒಂದು ಮರ ತಂತಿಯ ಮೇಲೆ ಉರುಳಿತೆಂದರೆ ಊರಿಗೆ ಊರೇ ಕತ್ತಲಾಗುವುದುಂಟು.

ಮಳೆಗಾಲವೇ ತಾಳಮದ್ದಲೆಯ ಕಾಲವೂ ಹೌದು. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಅರ್ಥಧಾರಿಗಳ ಮಾತು, ಇಷ್ಟೇ ಬಂಡವಾಳ. ಮಾಡಿನ ಮೇಲೆ ಮಳೆ ಬಡಿಯುತ್ತಿರುವಾಗ ಆ ಮಾತು ಹಿಂದಿನ ಸಾಲಿಗೆ ತಲುಪಬೇಕಾದರೆ ಧ್ವನಿವರ್ಧಕ ಬೇಕು. ಕರ್ಣನು ಶಲ್ಯನಿಗೆ ಉತ್ತರ ಕೊಡುವ ಹೊತ್ತಿಗೇ ವಿದ್ಯುತ್ತು ಹೋದರೆ, ಲಾಟೀನು ತಂದು ಬೆಳಕನ್ನೇನೋ ಮಾಡಬಹುದು. ಧ್ವನಿಗೆ ಏನು ಮಾಡೋಣ?

ಉತ್ತರವು ಪೆಟ್ಟಿಗೆಯೊಳಗೇ ಇದೆ. ಗೋಡೆಯಿಂದ ಬರುವುದು 230 ವೋಲ್ಟಿನ ಪರ್ಯಾಯ ಪ್ರವಾಹ. ಟ್ರಾನ್ಸಿಸ್ಟರುಗಳಿಗೆ ಬೇಕಾದುದು ಕಡಿಮೆ ವೋಲ್ಟಿನ ಏಕಮುಖ ಪ್ರವಾಹ. ಆದುದರಿಂದ ಟ್ರಾನ್ಸ್‌ಫಾರ್ಮರು 230 ವೋಲ್ಟನ್ನು, ಉದಾಹರಣೆಗೆ, 12ಕ್ಕೆ ಇಳಿಸುತ್ತದೆ. ನಾಲ್ಕು ಡಯೋಡುಗಳು ಪ್ರವಾಹವನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ದೊಡ್ಡದೊಂದು ಕೆಪಾಸಿಟರು, ತೋಟದ ತೊಟ್ಟಿ ಬಿಟ್ಟುಬಿಟ್ಟು ಬರುವ ನೀರನ್ನು ಹಿಡಿದು ಸಮನಾಗಿ ಬಿಡುವಂತೆ, ಅದರ ಏರಿಳಿತಗಳನ್ನು ತಗ್ಗಿಸುತ್ತದೆ. 12 ವೋಲ್ಟಿನ ಶಿಖರವು ಸುಮಾರು 17. ಡಯೋಡುಗಳಲ್ಲಿ ಒಂದೂವರೆಯಷ್ಟು ಕಳೆದು ಉಳಿಯುವುದು ಹದಿನೈದೂವರೆ. ಕೆಪಾಸಿಟರಿನಿಂದ ಮುಂದಕ್ಕೆ ನಮ್ಮ ಯಂತ್ರವು ಈಗಾಗಲೇ ಬ್ಯಾಟರಿಯ ಯಂತ್ರವೇ ಆಗಿದೆಯೆಂದು ವಾಚಕರು ಕಾಣಬಹುದು. ಹಿಂದೆ ನಿರ್ವಾತ ನಳಿಕೆಗಳ ಕಾಲದಲ್ಲಿ ಇಷ್ಟು ಸುಲಭವಿರಲಿಲ್ಲ. ಅವುಗಳಿಗೆ ಇನ್ನೂರು ಮುನ್ನೂರು ವೋಲ್ಟು ಬೇಕಾಗುತ್ತಿತ್ತು.

ಕೆಪಾಸಿಟರಿನ ಧನ ತುದಿಯಿಂದ ಮುಂದೆ ಹೋಗುವ ತಂತಿಯನ್ನು ಕಡಿದು, ಅಲ್ಲಿ ಒಂದು ಟೂ-ವೇ ಸ್ವಿಚ್ಚನ್ನು ಕೂರಿಸಬೇಕು. ಒಂದು ಕಡೆ ಒತ್ತಿದರೆ ಗೋಡೆಯ ವಿದ್ಯುತ್ತು, ಇನ್ನೊಂದು ಕಡೆ ಒತ್ತಿದರೆ ಬ್ಯಾಟರಿ. ಋಣ ತುದಿಗಳು ಒಂದಾಗಿಯೇ ಇರಲಿ. ಎರಡನ್ನೂ ಸ್ವಿಚ್ಚಿಲ್ಲದೆ ಕೂಡಿಸಿಬಿಟ್ಟರೆ, ಗೋಡೆಯ ವಿದ್ಯುತ್ತು ಮರಳಿದಾಗ ಪ್ರವಾಹವು ಅಂಕೆಯಿಲ್ಲದೆ ಬ್ಯಾಟರಿಗೆ ನುಗ್ಗಿ ಅದು ಕಾದೀತು. ಬ್ಯಾಟರಿಯ ಧನ ತುದಿಗೆ ಹತ್ತಿರದಲ್ಲಿಯೇ ಫ್ಯೂಸ್ ಇರಬೇಕು; ಹನ್ನೆರಡೇ ವೋಲ್ಟೆಂದು ಅಸಡ್ಡೆ ಕೂಡದು, ತುದಿಗಳು ಒಂದಕ್ಕೊಂದು ತಾಗಿದರೆ ತಂತಿ ಕೆಂಪಗೆ ಕಾಯುತ್ತದೆ. ಧನ ಋಣಗಳನ್ನು ಅದಲುಬದಲು ಮಾಡಿ ಒಂದು ಪೆಟ್ಟಿಗೆಯನ್ನು ಸುಟ್ಟ ಕೀರ್ತಿ ನಮಗೂ ಉಂಟು.

ಹದಿನೈದೂವರೆಯ ಬದಲು 12 ವೋಲ್ಟು ಕೊಟ್ಟರೆ ಧ್ವನಿ ಕುಗ್ಗದೇ? ಕುಗ್ಗುತ್ತದೆ. ಸಾಮರ್ಥ್ಯವು ವೋಲ್ಟಿನ ವರ್ಗವನ್ನು ಅನುಸರಿಸುವುದರಿಂದ, 10 ವಾಟಿನ ಪೆಟ್ಟಿಗೆ 6 ವಾಟಿಗೆ ಇಳಿಯುತ್ತದೆ. ಆದರೆ ಕಿವಿಯ ಲೆಕ್ಕವೇ ಬೇರೆ. ಈ ವ್ಯತ್ಯಾಸವು ಎರಡು ಡೆಸಿಬೆಲ್ಲಿಗಿಂತ ಸ್ವಲ್ಪ ಹೆಚ್ಚು, ಸಭೆಯಲ್ಲಿ ಬಹುಮಂದಿ ಅದನ್ನು ಗುರುತಿಸರು.

ಎಲ್ಲ ಪೆಟ್ಟಿಗೆಗಳೂ ಈ ಉಪಾಯಕ್ಕೆ ಒಗ್ಗವು. ಟ್ರಾನ್ಸ್‌ಫಾರ್ಮರಿನಿಂದ ಮೂರು ತಂತಿಗಳು ಹೊರಟು, ಎರಡು ದೊಡ್ಡ ಕೆಪಾಸಿಟರುಗಳಿದ್ದರೆ, ಅದಕ್ಕೆ ಧನವೂ ಋಣವೂ ಆದ ಎರಡು ವೋಲ್ಟುಗಳು ಬೇಕೆಂದು ತಿಳಿಯಬಹುದು. ಅಲ್ಲಿ ಎರಡು ಬ್ಯಾಟರಿಗಳು ಬೇಕಾಗುತ್ತವೆ, ಇಲ್ಲವೆ ಇನ್‌ವರ್ಟರೇ ಗತಿ. ಕಬ್ಬಿಣದ ಭಾರವಾದ ಟ್ರಾನ್ಸ್‌ಫಾರ್ಮರಿಲ್ಲದ ಹಗುರ ಪೆಟ್ಟಿಗೆಗಳನ್ನಂತೂ ವಿದ್ಯಾರ್ಥಿಗಳು ತೆರೆಯಲೇಬಾರದು. ಅವುಗಳ ಕೆಪಾಸಿಟರಿನಲ್ಲಿ ಪ್ಲಗ್ಗು ಕಿತ್ತ ಮೇಲೂ 325 ವೋಲ್ಟಿನವರೆಗೆ ಉಳಿದಿರಬಹುದು, ಅದು ಪ್ರಾಣವನ್ನೇ ತೆಗೆದೀತು. ಬಾಡಿಗೆಯ ಮೈಕಿನ ಎಷ್ಟೋ ಪೆಟ್ಟಿಗೆಗಳ ಬೆನ್ನಿಗೆ ಬ್ಯಾಟರಿಯ ತುದಿಗಳು ಮೊದಲೇ ಇರುತ್ತವೆ. ಕೆಲಸಕ್ಕೆ ಕೈಹಾಕುವ ಮೊದಲು ಅದನ್ನು ನೋಡಿಕೊಳ್ಳುವುದು ಜಾಣತನ.

ಇನ್ನು ಹೊತ್ತಿನ ಮಾತು. ಮಾತಿಗೆ ಸರಾಸರಿ ಅರ್ಧ ಆಂಪಿಯರ್ ಹಿಡಿದರೆ, 7 ಆಂಪಿಯರ್-ಗಂಟೆಯ ಬ್ಯಾಟರಿಯು ಲೆಕ್ಕಕ್ಕೆ 14 ಗಂಟೆ ನಡೆಯಬೇಕು. ಸೀಸದ ಬ್ಯಾಟರಿಯನ್ನು ಬರಿದು ಮಾಡಬಾರದಾದ್ದರಿಂದ ಅರ್ಧವನ್ನೇ ನೆಚ್ಚೋಣ. 7 ಗಂಟೆಯಲ್ಲಿ ಒಂದು ಪ್ರಸಂಗ ಮುಗಿದು ಬೆಳಗಾಗುತ್ತದೆ. ವಿದ್ಯುತ್ತು ಮರಳಿದೊಡನೆ ತಕ್ಕ ಚಾರ್ಜರಿನಿಂದ ಅದನ್ನು ಪುನಃ ತುಂಬಬೇಕು. ವಾರಗಟ್ಟಲೆ ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕುಳಿತು, ಮುಂದಿನ ತಾಳಮದ್ದಲೆಯ ಹೊತ್ತಿಗೆ ಬ್ಯಾಟರಿ ಕೈಕೊಡುತ್ತದೆ.